ಕಾಯಕಕ್ಕೆ ನಿವೃತ್ತಿಯುಂಟೆ?



ಕಳೆದ ಶ್ರಾವಣಮಾಸದ ಶಿವಾನುಭವ ಗೋಷ್ಠಿಯು ಮುಗಿದ ಮೇಲೆ, ಪ್ರಸಾದದ ಪಂಕ್ತಿಯಲ್ಲಿ ನನ್ನ ಬಲಗಡೆಗೆ ಕುಳಿತಿದ್ದ ಹಿರಿಯರೊಬ್ಬರು ಒಂದು ಪ್ರಶ್ನೆಯನ್ನು ಕೇಳಿದರು. ಮೂವತ್ತೈದು ವರ್ಷಗಳ ಕಾಲ ಕಚೇರಿಯೊಂದರಲ್ಲಿ ಗುಮಾಸ್ತಿಕೆಯನ್ನು ಮಾಡಿ, ಅರುವತ್ತು ತುಂಬಿದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವರು ಅವರು. “ಮಾಸ್ತರರೇ, ಊರಲ್ಲಿ ಎರಡೆಕರೆ ಹೊಲವಿದೆ, ಬಾವಿಯಲ್ಲಿ ನೀರಿದೆ, ಕೈಗೆ ಇಡಿಗಂಟು ಬಂದಿದೆ. ನಾಲ್ಕು ದನ ಕಟ್ಟಬೇಕೆಂದು ಮನಸ್ಸು. ಆದರೆ ಮಗ ಬೇಡವೆನ್ನುತ್ತಾನೆ. ಈ ವಯಸ್ಸಿನಲ್ಲಿ ಸಗಣಿ ಬಾಚುವುದೇಕೆ, ಶಿವಶಿವಾ ಎಂದು ಸುಮ್ಮನೆ ಕೂಡಬಾರದೇ ಎಂಬುದು ಅವನ ಮಾತು. ಶರಣರು ಇದಕ್ಕೆ ಏನೆನ್ನುತ್ತಾರೆ?” ಎಂದರು.

ಅನ್ನವನ್ನು ಮುಂದಿಟ್ಟುಕೊಂಡು ಅವಸರದಲ್ಲಿ ಉತ್ತರಿಸುವಂಥ ಪ್ರಶ್ನೆ ಇದಾಗಿರಲಿಲ್ಲ. ನಾನೂ ಇನ್ನು ಕೆಲವೇ ವರ್ಷಗಳಲ್ಲಿ ಶಾಲೆಯ ಮೆಟ್ಟಿಲಿಳಿಯತಕ್ಕವನು. ಆದಕಾರಣ ಆ ಪ್ರಶ್ನೆಯು ನನ್ನದೂ ಆಯಿತು. ಅಂದಿನಿಂದ ಇಂದಿನವರೆಗೆ ಯೋಚಿಸಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ‘ನಿವೃತ್ತಿ’ ಎಂಬ ಶಬ್ದವನ್ನೇ ವಿಚಾರಿಸೋಣ. ಕಚೇರಿಯ ಭಾಷೆಯಲ್ಲಿ ನಿವೃತ್ತಿಯೆಂದರೆ ಹುದ್ದೆಯಿಂದ ಬಿಡುಗಡೆ. ಕರ್ನಾಟಕ ಸರಕಾರದ ನೌಕರರಿಗೆ 2008ರವರೆಗೆ ಅದು ಐವತ್ತೆಂಟಕ್ಕೆ ಬರುತ್ತಿತ್ತು. ಈಗ ಅರುವತ್ತಕ್ಕೆ ಬರುತ್ತದೆ. ಶಾಸ್ತ್ರದ ಭಾಷೆಯಲ್ಲಾದರೋ ನಿವೃತ್ತಿಯೆಂದರೆ ಆಶೆಯಿಂದ ಮನಸ್ಸು ಹಿಂದಿರುಗುವುದು. ಮೊದಲನೆಯದು ತಾರೀಖು ನೋಡಿ ತಾನಾಗಿಯೇ ಬರುತ್ತದೆ. ಎರಡನೆಯದು ನಾವಾಗಿ ತಂದುಕೊಳ್ಳದ ಹೊರತು ನೂರು ವರ್ಷವಾದರೂ ಬಾರದು. ಇನ್ನು ಶರಣರ ವಿಚಾರ. ಅವರು ಗೃಹಸ್ಥನನ್ನು ಇಂತಿಷ್ಟು ವಯಸ್ಸಿಗೆ ಕಾಡಿಗೆ ಕಳುಹಿಸಲಿಲ್ಲ. ವಾನಪ್ರಸ್ಥವೆಂಬ ಮೆಟ್ಟಿಲು ಅವರ ಮಾರ್ಗದಲ್ಲಿಲ್ಲ. ಕಾಯವಿರುವವರೆಗೆ ಕಾಯಕವಿದೆ, ಕಾಯಕವಿರುವವರೆಗೆ ದಾಸೋಹವಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮ ದಾಸೋಹವನ್ನು ನಡೆಯಿಸಿದವರು. ಅವರಿಗೆ ನಿವೃತ್ತಿಯ ವಯಸ್ಸನ್ನು ಯಾರೂ ಗೊತ್ತುಪಡಿಸಿರಲಿಲ್ಲ. ಹಾಗಾದುದರಿಂದ ಸುಮ್ಮನೆ ಕೂಡಬಾರದೇ ಎಂಬ ಮಗನ ಮಾತಿಗೆ ಶರಣಧರ್ಮದ ಬೆಂಬಲ ಸಿಗಲಾರದು.

ದನವನ್ನು ಸಾಕುವುದು ಕೀಳು ಕೆಲಸವೆಂಬ ಸಂಕೋಚವೂ ನಮಗೆ ಸಲ್ಲದು. ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನವರಿದ್ದರು. ದನ ಕಾಯುವುದೇ ಅವರ ಕಾಯಕ. ಅವರ ಅಂಕಿತವು ಗೋಪತಿನಾಥ ವಿಶ್ವೇಶ್ವರಲಿಂಗ. ‘ಬಸವ’ ಎಂಬ ಹೆಸರೇ ‘ವೃಷಭ’ ಶಬ್ದದ ತದ್ಭವ. ಅಷ್ಟಾವರಣಗಳಲ್ಲಿ ಒಂದಾದ ವಿಭೂತಿಯು ಹುಟ್ಟುವುದು ಗೋಮಯದಿಂದ. ನಂದೆ, ಭದ್ರೆ, ಸುರಭಿ, ಸುಶೀಲೆ, ಸುಮನೆ ಎಂಬ ಐದು ಗೋವುಗಳ ಗೋಮಯದಿಂದ ಐದು ಬಗೆಯ ಭಸ್ಮವಾದುದನ್ನು ಸಿದ್ಧಾಂತ ಶಿಖಾಮಣಿಯು ವಿವರಿಸುತ್ತದೆ. ಹಣೆಯ ಮೇಲೆ ಧರಿಸುವಾಗ ಪವಿತ್ರವಾದುದು ಕೊಟ್ಟಿಗೆಯಲ್ಲಿ ಬಾಚುವಾಗ ಅಪಮಾನವಾಗುವುದು ಹೇಗೆ?

ಇಷ್ಟನ್ನು ಹೇಳಿ ಆ ಹಿರಿಯರಿಗೆ “ಧಾರಾಳವಾಗಿ ಕಟ್ಟಿರಿ” ಎಂದುಬಿಟ್ಟಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಸುಲಭದ ಉತ್ತರವನ್ನು ಕೊಡಲು ನನ್ನ ನಾಲಗೆ ಏಳಲಿಲ್ಲ. ಅದಕ್ಕೆ ಕಾರಣ, ನಾನು ಹತ್ತಿರದಿಂದ ನೋಡಿದ ಒಂದು ಸಂಗತಿ.

ನನಗಿಂತ ಹಿರಿಯರಾದ ಶಿಕ್ಷಕಮಿತ್ರರೊಬ್ಬರು 2020ರಲ್ಲಿ ನಿವೃತ್ತರಾದರು. ನಿವೃತ್ತರಾದ ವಾರವೇ ನನ್ನನ್ನು ಮನೆಗೆ ಕರೆಯಿಸಿ ಒಂದು ಕಾಗದವನ್ನು ಮುಂದಿಟ್ಟರು. ಹತ್ತು ಮಿಶ್ರತಳಿಯ ಹಸುಗಳು. ಒಂದೊಂದಕ್ಕೆ ದಿನಕ್ಕೆ ಹದಿನೈದು ಲೀಟರು. ಒಟ್ಟು ನೂರೈವತ್ತು ಲೀಟರು. ಅದನ್ನು ಮುನ್ನೂರ ಅರುವತ್ತೈದರಿಂದ ಗುಣಿಸಿದ ದೊಡ್ಡ ಮೊತ್ತವೊಂದು ಕೆಳಗಡೆ ಎರಡು ಗೆರೆಗಳ ನಡುವೆ ಮೆರೆಯುತ್ತಿತ್ತು. ಗಣಿತವನ್ನು ಕಲಿಸಿದವರ ಲೆಕ್ಕ, ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅವರ ಧರ್ಮಪತ್ನಿಯವರು ಚಹದ ಬಟ್ಟಲನ್ನು ಇಡಲು ಬಂದವರು ಆ ಕಾಗದವನ್ನು ಒಮ್ಮೆ ನೋಡಿ, “ಮಾಸ್ತರರೇ, ಇದರಲ್ಲಿ ಸಗಣಿ ಎಲ್ಲಿದೆ? ಅದನ್ನು ಬಾಚುವವರು ಯಾರೆಂದು ಬರೆದಿದೆಯೇ?” ಎಂದು ಕೇಳಿದರು. ನನ್ನ ಮಿತ್ರರು ನಕ್ಕರು. ನನಗೆ ನಗು ಬರಲಿಲ್ಲ.

ಬಂಧುಗಳೇ, ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ನಿಮಗೆಲ್ಲ ತಿಳಿದುದೇ ಆಗಿದೆ. ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಸತಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಪತಿಯ ಶ್ರಮವನ್ನು ಅವರು ಹಳಿಯಲಿಲ್ಲ. ಕಾಯಕದೊಳಗೆ ಆಶೆಯು ಯಾವ ಬಾಗಿಲಿನಿಂದ ನುಸುಳಿತೆಂಬುದನ್ನು ಮಾತ್ರ ತೋರಿಸಿದರು. ನನ್ನ ಮಿತ್ರರ ಮನೆಯಲ್ಲಿ ಅಂದು ನಡೆದುದೂ ಅದೇ. ಮೂವತ್ತು ವರ್ಷ ಶಾಲೆಯ ಗಂಟೆಗೆ ಸರಿಯಾಗಿ ಬುತ್ತಿ ಕಟ್ಟಿದ ಆ ತಾಯಿಗೆ ಯಾವ ಸರಕಾರವೂ ನಿವೃತ್ತಿಯನ್ನು ಕೊಟ್ಟಿರಲಿಲ್ಲ. ಪತಿಗೆ ಬಿಡುವಾಯಿತೆಂದು ಅವರ ತಲೆಯ ಮೇಲೆ ಹತ್ತು ಹಸುಗಳ ಕೊಟ್ಟಿಗೆಯನ್ನು ಹೊರಿಸುವುದಾದರೆ ಅದು ಯಾರ ಕಾಯಕ? ಪುಣ್ಯವು ಒಬ್ಬರದು, ಬೆನ್ನುನೋವು ಇನ್ನೊಬ್ಬರದು ಎಂಬ ಲೆಕ್ಕವನ್ನು ಶರಣರು ಒಪ್ಪಲಾರರು.

ಆದುದರಿಂದ ದನ ಕಟ್ಟುವ ಮುನ್ನ ಮಾಡಬೇಕಾದ ಮೊದಲ ಕೆಲಸವೆಂದರೆ ಪತಿಪತ್ನಿಯರು ಕೂಡಿ ಕುಳಿತು ಮಾತನಾಡುವುದು. ಬೆಳಗಿನ ಐದು ಗಂಟೆಗೆ ಏಳುವವರು ಯಾರು, ಹಾಲು ಹಿಂಡುವವರು ಯಾರು, ಮದುವೆ ಮುಂಜಿಗಳಿಗೆ ಹೋಗಬೇಕಾದಾಗ ಮನೆಯಲ್ಲಿ ಉಳಿಯುವವರು ಯಾರು? ಇವು ಮೂರಕ್ಕೆ ಇಬ್ಬರೂ ಒಪ್ಪಿದ ಉತ್ತರ ದೊರೆಯುವವರೆಗೆ ಹಸುವಿನ ಬೆಲೆಯನ್ನು ಕೇಳುವುದು ಬೇಡ. ಎರಡನೆಯ ಕೆಲಸವೆಂದರೆ ಇಡಿಗಂಟನ್ನು ಬೇರೆಯಿಟ್ಟು, ಹೋದರೂ ಮನೆ ಮುರಿಯದಷ್ಟನ್ನು ಮಾತ್ರ ಕೊಟ್ಟಿಗೆಗೆ ತೆಗೆಯುವುದು. ಇಳಿವಯಸ್ಸಿನ ಔಷಧದ ಹಣವನ್ನೂ ಹೊಲದ ಪತ್ರವನ್ನೂ ಹಸುವಿನ ಕೊಂಬಿಗೆ ಕಟ್ಟಬಾರದು.

ನನ್ನ ಮಿತ್ರರು ಎರಡು ದಿನ ಮೌನವಾಗಿದ್ದರು. ಮೂರನೆಯ ದಿನ ಹತ್ತನ್ನು ಹೊಡೆದು ಎರಡು ಎಂದು ಬರೆದರು. ಅವರ ಕೊಟ್ಟಿಗೆಯಲ್ಲಿ ನಾನು ಕಂಡು ಕೇಳಿದುದನ್ನೂ, ಬಲ್ಲ ಪಶುವೈದ್ಯರಿಂದ ತಿಳಿದುದನ್ನೂ ಸಂಕ್ಷೇಪವಾಗಿ ಹೇಳುತ್ತೇನೆ. ಉಪದೇಶವು ಕೈಗೆ ಹತ್ತದಿದ್ದರೆ ಅದು ಬರಿಯ ಗಾಳಿಮಾತಲ್ಲವೇ?

ಹಸುವಿಗಿಂತ ಮೊದಲು ಮೇವು ಹುಟ್ಟಬೇಕು. ನೀರಾವರಿಯಿರುವ ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲನ್ನು ನೆಟ್ಟು, ಬದುವಿನಲ್ಲಿ ಕುದುರೆಮೆಂತೆ, ಅಲಸಂದೆಗಳನ್ನು ಬೆಳೆದರೆ ಎರಡು ಹಸುಗಳ ಹಸಿಮೇವಿಗೆ ಸಾಕಾಗುತ್ತದೆ. ನಾನೂರು ಕಿಲೊ ತೂಗುವ ಮಿಶ್ರತಳಿಯ ಹಸುವೊಂದಕ್ಕೆ ದಿನಕ್ಕೆ 20ರಿಂದ 25 ಕಿಲೊ ಹಸಿಮೇವು, 5–6 ಕಿಲೊ ಒಣಮೇವು ಬೇಕು. ಇದರ ಮೇಲೆ ಹಿಂಡಿಯೂ ಬೇಕು. ಶರೀರಪೋಷಣೆಗೆಂದು ಒಂದೂವರೆ ಕಿಲೊ. ಬಳಿಕ ಪ್ರತಿ ಎರಡು ಎರಡೂವರೆ ಲೀಟರು ಹಾಲಿಗೆ ಒಂದು ಕಿಲೊ. ಕುಡಿಯಲು ದಿನಕ್ಕೆ 60–80 ಲೀಟರು ನೀರು. ಬೇಸಗೆಯಲ್ಲಿ ಇನ್ನೂ ಹೆಚ್ಚು. ಹಾಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೇವಿನದೇ. ಎಲ್ಲವನ್ನೂ ಪೇಟೆಯಿಂದ ಕೊಂಡು ತರುವವನಿಗೆ ಲಾಭವು ಕನಸಿನ ಗಂಟು.

ತಳಿಯ ವಿಷಯ. ಹೆಚ್ಚು ಹಾಲು ಬೇಕೆಂದು ಎಲ್ಲರೂ ಎಚ್.ಎಫ್. ಮಿಶ್ರತಳಿಗೆ ಓಡುತ್ತಾರೆ. ಅದು ಹತ್ತು ಹದಿನೈದು ಲೀಟರು ಕೊಡುವುದು ನಿಜ, ಅಷ್ಟೇ ಆರೈಕೆಯನ್ನೂ ಬೇಡುತ್ತದೆ, ಬಿಸಿಲನ್ನು ತಾಳದು. ಬೀದರ ಸೀಮೆಯ ದೇವಣಿಯು ಮೂರರಿಂದ ಐದು ಲೀಟರು ಕೊಟ್ಟೀತು. ಆದರೆ ನಮ್ಮ ಬಿಸಿಲು, ನಮ್ಮ ಕಣಿಕೆಗಳು ಅದಕ್ಕೆ ಒಗ್ಗಿವೆ. ಮಲೆನಾಡಿನವರಿಗೆ ಗಿಡ್ಡ ಹಸುವಿದೆ. ಅದರ ಹಾಲು ಇನ್ನೂ ಕಡಮೆ, ಬೇಡಿಕೆಯೂ ಕಡಮೆ. ಮನೆಗೆ ಸಾಕಾದೀತು, ಸಂಘಕ್ಕೆ ಹಾಕಲು ಉಳಿಯದು. ಹಾಲನ್ನು ಮಾರುವವರಿಗೆ ಇಂದು ಊರೂರಿನಲ್ಲಿ ಉತ್ಪಾದಕರ ಸಹಕಾರ ಸಂಘಗಳಿವೆ. 1974ರಲ್ಲಿ ನಿಗಮವಾಗಿ ಆರಂಭವಾಗಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯಾದ ಸಂಸ್ಥೆಯು ಈ ಸಂಘಗಳ ಮೇಲೆ ನಿಂತಿದೆ. ಸಂಘದಲ್ಲಿ ಬೆಲೆಯು ಅಳತೆಯೊಂದರಿಂದಲೇ ಗೊತ್ತಾಗುವುದಿಲ್ಲ, ಜಿಡ್ಡು ಮೊದಲಾದ ಗುಣಗಳೂ ಲೆಕ್ಕಕ್ಕೆ ಬರುತ್ತವೆ. ನೀರು ಬೆರೆಸುವವನನ್ನು ಯಂತ್ರವೂ ಹಿಡಿಯುತ್ತದೆ, ಅಂತರಾತ್ಮವೂ ಹಿಡಿಯುತ್ತದೆ.

ವರ್ಷದ ಮುನ್ನೂರ ಅರುವತ್ತೈದು ದಿನವೂ ಹಾಲೆಂಬ ಲೆಕ್ಕವು ಕಾಗದದ ಹಸುವಿಗೆ ಮಾತ್ರ ಸಲ್ಲುತ್ತದೆ. ಗರ್ಭದ ಅವಧಿ ಸುಮಾರು 280 ದಿನ. ಈಯುವ ಮುನ್ನ ಎರಡು ತಿಂಗಳು ಹಾಲು ಬಿಡಿಸಿ ವಿಶ್ರಾಂತಿ ಕೊಡಲೇಬೇಕು. ಬೆದೆಯು ಇಪ್ಪತ್ತೊಂದು ದಿನಗಳಿಗೊಮ್ಮೆ ಬರುತ್ತದೆ; ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆಯನ್ನು ಕಾಣದೆ ಹೋದರೆ ಮೂರು ವಾರದ ಮೇವು ವ್ಯರ್ಥವಾದಂತೆ. ಕೊಟ್ಟಿಗೆಯ ನೆಲವು ಜಾರಬಾರದು. ಇದು ಹಸುವಿನ ಕಾಲಿಗೆ ಎಷ್ಟು ಮುಖ್ಯವೋ ಅರುವತ್ತರ ಮೊಣಕಾಲಿಗೂ ಅಷ್ಟೇ ಮುಖ್ಯ. ಹಾಲು ಹಿಂಡಿದ ಮೇಲೆ ಮೊಲೆಯ ರಂಧ್ರವು ಸ್ವಲ್ಪ ಹೊತ್ತು ತೆರೆದಿರುತ್ತದೆ. ಆ ಅರ್ಧ ಗಂಟೆ ಹಸುವು ಮಲಗದಂತೆ ಮುಂದೆ ಮೇವು ಹಾಕಿ ನಿಲ್ಲಿಸಿದರೆ ಕೆಚ್ಚಲುಬಾವಿನ ಭಯವು ಎಷ್ಟೋ ತಗ್ಗುತ್ತದೆ. ಎರಡು ಹಸುಗಳ ಸಗಣಿಯಿಂದ ಒಂದು ಘನಮೀಟರಿನ ಚಿಕ್ಕ ಗೋಬರ್ ಅನಿಲದ ಗುಂಡಿಯು ನಡೆಯುತ್ತದೆ. ಇಬ್ಬರು ಮೂವರ ಅಡಿಗೆ ಅದರಲ್ಲಿ ಆಗುತ್ತದೆ, ಬಗ್ಗಡವು ಹೊಲಕ್ಕೆ ಗೊಬ್ಬರವಾಗುತ್ತದೆ.

ಇನ್ನು ಕರುವಿನ ವಿಚಾರ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಹಸಿದ ಕರುಗಳು ತಾಯಿಗಾಗಿ ಅಳುವುವೆಂದು ಆ ಮಹಾನುಭಾವರು ಕರುಗಳನ್ನೂ ಕಳ್ಳರ ಹಿಂದೆಯೇ ಕಳುಹಿಸಿಕೊಟ್ಟರೆಂಬ ಕಥೆಯನ್ನು ನಾವು ಕಣ್ಣೊರಸಿಕೊಂಡು ಕೇಳುತ್ತೇವೆ. ಕೇಳಿ ಮನೆಗೆ ಬಂದು ಮಾಡುವುದೇನು? ಹಸು ಈದ ದಿನ ಕರುವಿಗಿಂತ ಮೊದಲು ಗಿಣ್ಣಿನ ಪಾತ್ರೆಯನ್ನು ಒಲೆಗಿಡುತ್ತೇವೆ. ಕರುವು ಹುಟ್ಟುವಾಗ ಅದರ ಮೈಯಲ್ಲಿ ರೋಗವನ್ನು ಎದುರಿಸುವ ಶಕ್ತಿಯು ಇಲ್ಲವೆಂಬಷ್ಟು ಕಡಮೆ. ಅದು ಬರುವುದೇ ಮೊದಲ ಗಿಣ್ಣುಹಾಲಿನಿಂದ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಹಾಲು ಹೊಟ್ಟೆಗೆ ಸೇರಬೇಕು. ಮೊದಲ ದಿನದಲ್ಲಿ ತನ್ನ ತೂಕದ ಹತ್ತನೆಯ ಒಂದು ಪಾಲನ್ನು ಕುಡಿಯಬೇಕು. ಇಪ್ಪತ್ತೈದು ಕಿಲೊ ಕರುವಿಗೆ ಎರಡೂವರೆ ಲೀಟರು. ಅದು ಕರುವಿನ ಆಸ್ತಿ. ಮಿಕ್ಕುದು ನಮ್ಮ ಪ್ರಸಾದ. ಈ ಕ್ರಮವನ್ನು ತಪ್ಪಿಸಿದ ಮನೆಯಲ್ಲಿ ಗಿಣ್ಣು ಎಷ್ಟು ರುಚಿಯಾಗಿದ್ದರೂ ಅದನ್ನು ಪ್ರಸಾದವೆಂದು ಕರೆಯಲು ನನಗೆ ಬಾಯಿ ಬಾರದು.

ಮಿತ್ರರ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಎರಡು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕದ ಊರೂರುಗಳಲ್ಲಿ ಹಬ್ಬಿದ ಸಂಗತಿಯನ್ನು ನೀವು ಬಲ್ಲಿರಿ. ನೊಣ, ಸೊಳ್ಳೆ, ಉಣ್ಣೆಗಳ ಕಚ್ಚುವಿಕೆಯಿಂದ ಹರಡುವ ರೋಗವದು. ನೆರೆಯೂರಿಗೆ ಬಂದಾಗ ಲಸಿಕೆಯನ್ನು ಹಾಕಿಸಬೇಕಾಗಿತ್ತು. ‘ಇಂದು ನಾಳೆ’ ಎಂದು ಹತ್ತು ದಿನ ಕಳೆಯಿತು. ಹಿರಿಯ ಹಸುವಿನ ಮೈಮೇಲೆ ಗಂಟುಗಳೆದ್ದುವು, ಮೇವು ಬಿಟ್ಟಿತು, ಒಂದು ವಾರದಲ್ಲಿ ಲಿಂಗೈಕ್ಯವಾಯಿತೆಂದೇ ಅವರು ನನಗೆ ಹೇಳಿದರು. ನಾನು ಆ ಶಬ್ದವನ್ನು ತಿದ್ದಲಿಲ್ಲ. ಆ ದಿನಗಳಲ್ಲಿ ಅವರು ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕುಳಿತು ಗಂಜಿಯನ್ನು ಅಂಗೈಯಲ್ಲಿ ಹಿಡಿದು ನೆಕ್ಕಿಸುತ್ತಿದ್ದರು. “ಮೂವತ್ತು ವರ್ಷ ಪಾಠ ಹೇಳಿದೆ. ಆಲಸ್ಯವೆಂದರೇನೆಂದು ಈಗ ಕಲಿತೆ” ಎಂದರು. ಮಗನು ದೂರವಾಣಿಯಲ್ಲಿ, “ಸಾಕಾಯಿತಲ್ಲ ಅಪ್ಪಾ, ಉಳಿದುದನ್ನು ಮಾರಿಬಿಡಿ” ಎಂದನಂತೆ. ಆಗ ಮೊದಲು ಸಗಣಿಯ ಪ್ರಶ್ನೆಯನ್ನು ಕೇಳಿದ್ದ ಆ ತಾಯಿಯೇ, “ತಬ್ಬಲಿ ಕರುವೊಂದಿದೆ. ಅದನ್ನು ಬಿಟ್ಟು ಎಲ್ಲಿಗೆ ಹೋಗುವುದು?” ಎಂದರು. ಆ ಕರುವು ಬೆಳೆದು ಮಣಕವಾಗಿ 2025ರಲ್ಲಿ ತಾನೂ ಈದಿತು. ಈಗ ಅವರ ಕೊಟ್ಟಿಗೆಯ ಕಂಬದಲ್ಲಿ ಒಂದು ಪಂಚಾಂಗ ತೂಗುತ್ತದೆ. ಅದರಲ್ಲಿ ಏಕಾದಶಿ ಸಂಕಷ್ಟಿಗಳಿಗೆ ಗುರುತಿಲ್ಲ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ, ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಕಂದುರೋಗದ ಲಸಿಕೆ, ಜಂತುವಿನ ಔಷಧ, ಇವುಗಳಿಗೆ ಮಾತ್ರ ಕೆಂಪು ಗೆರೆಯಿದೆ. ಪಕ್ಕದಲ್ಲಿ ಸಂಚಾರಿ ಪಶುಚಿಕಿತ್ಸೆಯವರನ್ನು ಕರೆಯುವ 1962 ಎಂಬ ಸಂಖ್ಯೆಯನ್ನು ಸುಣ್ಣದಲ್ಲಿ ಬರೆದಿದ್ದಾರೆ.

ಕಡೆಯ ಮಾತೊಂದಿದೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಹಸುವಿನ ಆಯುಸ್ಸು ಹದಿನೈದು ಇಪ್ಪತ್ತು ವರ್ಷ. ಅರುವತ್ತರಲ್ಲಿ ಮೂರು ವರ್ಷದ ಮಣಕವನ್ನು ಕೊಂಡವನು ಎಪ್ಪತ್ತೈದು ದಾಟಿದಾಗಲೂ ಅದು ಬದುಕಿದ್ದೀತು. ಆದರೆ ಅದು ಹಾಲು ಕೊಡುವುದು ಅಷ್ಟು ಕಾಲವಲ್ಲ. ಬತ್ತಿದ ಹಸುವನ್ನು ಏನು ಮಾಡುವಿರಿ? ಗಂಡುಗರುವನ್ನು ಏನು ಮಾಡುವಿರಿ? ನಾವು ಸಸ್ಯಾಹಾರಿಗಳೆಂದು ಹೇಳಿಕೊಳ್ಳುವವರು. ಸಂತೆಯಲ್ಲಿ ಹಗ್ಗವನ್ನು ಇನ್ನೊಬ್ಬನ ಕೈಗೆ ಕೊಟ್ಟು ಮುಖ ತಿರುಗಿಸಿದ ಮಾತ್ರಕ್ಕೆ ನಮ್ಮ ದಯಾಧರ್ಮವು ಉಳಿಯಿತೇ?

ಈ ಪ್ರಶ್ನೆಯನ್ನು ನಾನು ಪರರಿಗೆ ಮಾತ್ರ ಕೇಳುತ್ತಿಲ್ಲ. ನಾನು ಉದ್ಯೋಗಕ್ಕೆ ಸೇರಿದ ವರ್ಷ, ತಂದೆಯವರು ತೀರಿಕೊಂಡಿದ್ದರು. ಮನೆಯಲ್ಲಿ ಒಂದು ಮುದಿ ಎತ್ತು ಉಳಿದಿತ್ತು. ಅದನ್ನು ಸಂತೆಗೆ ಹೊಡೆದೆ. ಕೊಂಡವನು ಯಾರು, ಏಕೆ ಕೊಳ್ಳುತ್ತಾನೆಂದು ಕೇಳಲಿಲ್ಲ; ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆಯಿತ್ತು. ಮನೆಗೆ ಬಂದಾಗ ತಾಯಿಯವರು ಬರಿಯ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ಗೂಟಕ್ಕೆ ಸುತ್ತಿಟ್ಟರು. ಏನನ್ನೂ ಅನ್ನಲಿಲ್ಲ. ಆ ಹಗ್ಗವು ಅವರು ಇರುವವರೆಗೂ ಅಲ್ಲಿಯೇ ಇತ್ತು. ದಯೆಯ ವಚನಗಳನ್ನು ತರಗತಿಯಲ್ಲಿ ಬೋಧಿಸುವಾಗ ಇಂದಿಗೂ ಆ ಗೂಟ ನನ್ನ ಕಣ್ಣಮುಂದೆ ಬರುತ್ತದೆ.

ಆದಕಾರಣ, ಎರಡು ಹಸು ಕಟ್ಟುವವರು ಮೂರು ಗೂಟಗಳನ್ನು ನೆಡಿರಿ. ಮೂರನೆಯದು ಹಾಲು ಕೊಡದ ಹಸುವಿನದು. ಅದರ ಮೇವನ್ನು ಮೊದಲ ದಿನವೇ ಲೆಕ್ಕದಲ್ಲಿ ಹಿಡಿಯಿರಿ. ಅದನ್ನು ಹಿಡಿದ ಮೇಲೂ ಲೆಕ್ಕವು ನಿಲ್ಲುವುದಾದರೆ ಮಾತ್ರ ಹಸುವನ್ನು ತನ್ನಿರಿ. ಗೊಡ್ಡು ಹಸುವೂ ಸಗಣಿ ಗಂಜಲಗಳನ್ನು ಕೊಡುತ್ತದೆ, ಹೊಲವನ್ನು ಸಾಕುತ್ತದೆ. ಅದು ಪೂರ್ತಿ ನಷ್ಟವಲ್ಲ. ಗಂಡುಗರುಗಳ ತೊಡಕನ್ನು ತಗ್ಗಿಸಲು, ನೂರಕ್ಕೆ ಸುಮಾರು ತೊಂಬತ್ತರಷ್ಟು ಹೆಣ್ಣುಗರುಗಳೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯನಳಿಕೆಗಳು ಈಗ ದೊರೆಯುತ್ತವೆ, ಪಶುವೈದ್ಯರನ್ನು ವಿಚಾರಿಸಿರಿ. ಆದರೂ ಹುಟ್ಟಿದ ಗಂಡುಗರುವನ್ನು ಉಳುವ ರೈತನಿಗೆ ಕೊಡಿರಿ, ಇಲ್ಲವೇ ಗೋಶಾಲೆಗೆ ಕೊಡಿರಿ. ಗೋಶಾಲೆಗೆ ಕೊಡುವಾಗ ಕರುವಿನ ಜತೆಗೆ ವರ್ಷವರ್ಷವೂ ಅದರ ಮೇವಿನ ಹಣವನ್ನು ಕೊಡಿರಿ. ಕರುವನ್ನಷ್ಟೇ ಕೊಟ್ಟು ಬರುವುದು ದಾನವಲ್ಲ, ಹೊರೆಯಿಳಿಸುವುದು. ಪಿಂಚಣಿಯ ಕಾಗದದಲ್ಲಿ ನಮ್ಮ ನಂತರ ಯಾರಿಗೆಂದು ಹೆಸರು ಬರೆಯುತ್ತೇವಲ್ಲವೇ? ಹಾಗೆಯೇ, ನಮ್ಮ ನಂತರ ಈ ದನಗಳು ಯಾರವೆಂಬುದನ್ನೂ ಒಬ್ಬರನ್ನು ಕೇಳಿ, ಒಪ್ಪಿಸಿ ಇಟ್ಟಿರಬೇಕು.

ಪಾಶದಿಂದ ಕಟ್ಟಲ್ಪಟ್ಟ ಜೀವವು ಪಶು, ಅದರ ಒಡೆಯನು ಪಶುಪತಿ ಎಂದು ನಮ್ಮ ಶಾಸ್ತ್ರಗಳು ಸಾರುತ್ತವೆ. ಆ ನ್ಯಾಯದಿಂದ ಕೊಟ್ಟಿಗೆಯಲ್ಲಿರುವ ಪಶುವೂ ಪಶು, ಅದಕ್ಕೆ ಹುಲ್ಲು ಹಾಕುವವನೂ ಪಶು. ಇಬ್ಬರ ಹಗ್ಗವನ್ನೂ ಹಿಡಿದಿರುವವನು ಒಬ್ಬನೇ. ಹಾಲು ಬತ್ತಿದ ಮೇಲೆ ನಾವು ಹಸುವಿಗೆ ಹೇಗೆ ನಡೆದುಕೊಳ್ಳುತ್ತೇವೋ, ದುಡಿಮೆ ಬತ್ತಿದ ಮೇಲೆ ಲೋಕವು ನಮಗೂ ಹಾಗೆಯೇ ನಡೆದುಕೊಂಡರೆ ದೂರುವ ಅಧಿಕಾರ ನಮಗಿರುವುದಿಲ್ಲ.

ಪಂಕ್ತಿಯಲ್ಲಿ ನನ್ನನ್ನು ಕೇಳಿದ ಆ ಹಿರಿಯರೇ, ಇದನ್ನು ನೀವು ಓದುತ್ತಿದ್ದರೆ ನನ್ನ ಉತ್ತರವಿಷ್ಟೇ. ದನವನ್ನು ಅವಶ್ಯವಾಗಿ ಕಟ್ಟಿರಿ. ನಾಲ್ಕು ಬೇಡ, ಎರಡನ್ನು ಕಟ್ಟಿರಿ. ಮನೆಯ ತಾಯಿಯವರನ್ನು ಮೊದಲು ಕೇಳಿರಿ. ಮೇವನ್ನು ಮೊದಲು ಬಿತ್ತಿರಿ. ಕರುವಿಗೆ ಮೊದಲು ಕುಡಿಸಿರಿ. ಆಶೆಗೆ ನಿವೃತ್ತಿಯಾಗಲಿ, ಕೈಗಳಿಗೆ ಬೇಡ. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ಕೊಟ್ಟಿಗೆಗೆ ಹೋದಾಗ ಹಸುವು ನಿಮ್ಮ ಹೆಜ್ಜೆಯ ಸಪ್ಪಳಕ್ಕೆ ಕಿವಿ ತಿರುಗಿಸಿದರೆ, ಪೂಜೆಯು ಇನ್ನೂ ಮುಗಿದಿಲ್ಲವೆಂದು ತಿಳಿಯಿರಿ.

ಮಗನು ಊರಿಗೆ ಬಂದಾಗ ಅವನಿಗೂ ಒಂದು ಹೊತ್ತು ಸಗಣಿಯ ಬುಟ್ಟಿಯನ್ನು ಕೊಡಿರಿ. ವಾದದಿಂದ ಒಪ್ಪದವನು ಅದರಿಂದ ಒಪ್ಪಿದರೂ ಒಪ್ಪಿಯಾನು.